‘ಎ’ ವಿಭಾಗದಲ್ಲಿ ಲಾಂಚು

ಲೋಬೋ ಸರ್ ಆಟಕ್ಕೊಂದು ಹೆಸರಿಟ್ಟಿದ್ದರು: ಲಾಂಚು.
ಕಪ್ಪು ಹಲಗೆಯ ಮೇಲೆ ಬಾಣ, ಬಾಣದ ಬೆನ್ನಿಗೆ ಬಾಣ.
ಚೆಂಡು ಸಫೂರಾಳ ಬೆರಳಿಗೆ ಬಂದ ಕ್ಷಣ
ಮೂವರೂ ಒಟ್ಟಿಗೆ ಹೊರಡಬೇಕು:
ಲೊರೆಟ್ಟಾ ನೆಟ್ಟಿನ ಮೂಗಿಗೆ, ಗಿಡ್ಡ ಚೆಂಡಿಗೆ;
ಅವಳ ಬೆನ್ನ ಹಿಂದಿನಿಂದ ಅಡ್ಡ ಹಾಯ್ದು ಚೌಡೇಶ್ವರಿ;
ಅಂಬುಜಾಕ್ಷಿ ಸುಮ್ಮನೆ ಹಾರಿ, ಸುಮ್ಮನೆ ಕೂಗಿ
ಕೈ ಬೀಸಿ ಸುಳ್ಳು ಹೇಳಬೇಕು.
ಯಾರು ಹೊಡೀತಾರೆ ಅನ್ನೋದು
ಹೊಡೆದ ಮೇಲೇ ಎದುರಿನವರಿಗೆ ಗೊತ್ತಾಗಬೇಕು.

ಸೊರಬದಲ್ಲಿ ಗೊತ್ತಾಗಲಿಲ್ಲ, ಹೊಸನಗರದಲ್ಲಿ ಗೊತ್ತಾಗಲಿಲ್ಲ,
ಶಿಕಾರಿಪುರದ ಹುಡುಗಿಯರಂತೂ
ನಮ್ಮ ಲಾಂಚು ಹೊರಟಾಗ
ಬಾಯಿ ಬಿಟ್ಟುಕೊಂಡು ದಡದಲ್ಲೇ ನಿಂತರು.
ಎರಡು ವರ್ಷ ‘ಬಿ’ ವಿಭಾಗದ ಕಪ್ಪು
ಪ್ರಿನ್ಸಿಪಾಲರ ಬೀರುವಿನ ಮೇಲೆ
ಹಾಜರಿ ಪುಸ್ತಕಗಳಿಗೆ ಒರಗಿ ಕೂತಿತ್ತು.
ಮೂರನೇ ವರ್ಷ ನಮ್ಮನ್ನು ‘ಎ’ಗೆ ಏರಿಸಿದರು.

ನಾನು ಲಿಬೆರೋ. ನನ್ನ ಅಂಗಿ ಬೇರೆ ಬಣ್ಣ.
ಹೊಡೆಯುವ ಹಾಗಿಲ್ಲ, ಸರ್ವ್ ಮಾಡುವ ಹಾಗಿಲ್ಲ,
ಫೋಟೋದಲ್ಲಿ ಯಾವಾಗಲೂ ಬಗ್ಗಿರುತ್ತೇನೆ.
ಊರು ತುಮರಿ; ಸರ್ ಕರೆಯುವುದೂ ಹಾಗೆಯೇ.
ಲಾಂಚೆಂದರೆ ಏನೆಂದು ತಂಡದಲ್ಲಿ
ನಿಜಕ್ಕೂ ಗೊತ್ತಿದ್ದವಳು ನಾನೊಬ್ಬಳೇ.
ಬಸ್ಸು, ಬೈಕು, ಗ್ಯಾಸ್ ಸಿಲಿಂಡರು, ಮದುವೆ ದಿಬ್ಬಣ
ಎಲ್ಲ ಸಾಲಾಗಿ ನಿಂತಿರುತ್ತವೆ, ತಯಾರು;
ಲಾಂಚು ಬಂದು ದಡಕ್ಕೆ ಮೂತಿ ಊರಬೇಕು, ಅಷ್ಟೇ.

ಶಿವಮೊಗ್ಗದ ಒಳಾಂಗಣ. ಮರದ ನೆಲ.
ನಮ್ಮ ಸಾಗರದ ಕೋರ್ಟಿನಲ್ಲಿ ಚೆಂಡು
ಕೆಮ್ಮಣ್ಣು ಕುಡಿದು, ಹೊಲಿಗೆ ಬಿಟ್ಟು, ಭಾರವಾಗಿ
ಎಲ್ಲಿ ಬೀಳುತ್ತೇನೆಂದು ಮೊದಲೇ ಹೇಳಿ ಬರುತ್ತಿತ್ತು.
ಇಲ್ಲಿ ಹೊಸದು, ಹಳದಿ-ನೀಲಿ, ತೂಕವೇ ಇಲ್ಲ.
ಘಟ್ಟದ ಕೆಳಗಿನ ಕ್ರೀಡಾ ಹಾಸ್ಟೆಲಿನ ಹುಡುಗಿ
ನಾಲ್ಕು ಹೆಜ್ಜೆ ಹಿಂದೆ ಸರಿದು, ಅಂಗೈ ಬಿಗಿದು
ತಟ್ಟಿದಳು. ಚೆಂಡು ತಿರುಗಲೇ ಇಲ್ಲ.
ತಿರುಗದೆ ಬರುವ ಚೆಂಡನ್ನು ನಂಬುವ ಹಾಗಿಲ್ಲ;
ಎಡಕ್ಕೆಂದು ಬಗ್ಗಿದೆ, ಕುಡಿದವನ ಹಾಗೆ ಬಲಕ್ಕೆ ವಾಲಿ
ಹೆಗಲ ಮೂಳೆಗೆ ಬಡಿಯಿತು.

ಮತ್ತೊಂದನ್ನು ಎತ್ತಿದೆ. ಎತ್ತಿದ್ದು
ಸಫೂರಾ ನಿಂತಲ್ಲಿಗಲ್ಲ, ಅವಳಿಂದ ಎರಡು ಮಾರು ಹಿಂದೆ.
ಅವಳು ಓಡಿ ತಲುಪುವಷ್ಟರಲ್ಲಿ
ಲೊರೆಟ್ಟಾ ಹಾರಿ ಇಳಿದಾಗಿತ್ತು,
ಚೌಡೇಶ್ವರಿ ಹಾಯಬೇಕಾದ್ದನ್ನು ಹಾಯ್ದು
ಖಾಲಿ ಗಾಳಿಯೆದುರು ನಿಂತಿದ್ದಳು,
ಅಂಬುಜಾಕ್ಷಿಯ ಸುಳ್ಳನ್ನು ಯಾರೂ ತಿರುಗಿ ನೋಡಲಿಲ್ಲ.
ಎದುರಿನ ಆರು ಕೈ ಒಂದೇ ಕಡೆ ಗೋಡೆ ಕಟ್ಟಿ ಕಾದಿದ್ದವು.
ಮೊದಲ ಸೆಟ್ಟು ಒಂಬತ್ತು–ಇಪ್ಪತ್ತೈದು.

ಸರ್ ಬಾಣಗಳನ್ನೇ ಬೈದರು.
“ಬೇಗ! ಇನ್ನೂ ಬೇಗ ಹೊರಡ್ರೇ!”
ನನ್ನ ಕಡೆ ನೋಡಲಿಲ್ಲ.
ಹಲಗೆಯ ಮೇಲೆ ನನಗೆ ಬಾಣವೇ ಇರಲಿಲ್ಲ,
ಮೂಲೆಯಲ್ಲೊಂದು ಚುಕ್ಕೆ.
ಎರಡು ವರ್ಷ ಆ ಚುಕ್ಕೆ ತಪ್ಪಿರಲಿಲ್ಲವಲ್ಲ,
ಅದೂ ಆಟವೆಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.
ನಾನೂ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ
ಲಾಂಚು ದಡದವರೆಗೆ ಬರುವುದಿಲ್ಲ.
ಆಗ ಯಾರೂ ಡ್ರೈವರಿಗೆ ಬೇಗ ಬಾ ಅನ್ನುವುದಿಲ್ಲ;
ಬಸ್ಸನ್ನು ಅಲ್ಲೇ ಬಿಟ್ಟು, ಚಪ್ಪಲಿ ಕೈಲಿ ಹಿಡಿದು
ಕೆಸರಿನಲ್ಲಿ ನಡೆದು ಹೋಗಿ ಹತ್ತುತ್ತಾರೆ.
ನೀರಿನ ಬಾಟಲಿ ಕೊಡುವಾಗ ಸಫೂರಾಳಿಗೆ ಇದನ್ನು ಹೇಳಿದೆ,
ಅರ್ಧಂಬರ್ಧ. ಅವಳು ನಕ್ಕಳೋ, ಉಸಿರು ಬಿಟ್ಟಳೋ.

ಎರಡನೇ ಸೆಟ್ಟಿನ ನಡುವೆ ಅವಳು ಲಾಂಚನ್ನು ಕೈಬಿಟ್ಟಳು.
ನನ್ನ ಕೆಟ್ಟ ಪಾಸಿನ ಕೆಳಗೇ ಹೋಗಿ ನಿಂತು
ಎತ್ತರಕ್ಕೆ, ಮೂಲೆಗೆ, ಯಾವ ಗುಟ್ಟೂ ಇಲ್ಲದ ಚೆಂಡು ಹಾಕಿದಳು,
ಹೈಸ್ಕೂಲು ಮಕ್ಕಳು ಹಾಕುವಂಥದ್ದು.
ಹೊಡೆಯುವವಳು ಚೌಡೇಶ್ವರಿಯೆಂದು ಇಡೀ ಶಿವಮೊಗ್ಗಕ್ಕೆ ಗೊತ್ತು.
ಹೊಡೆದಳು. ಕೆಲವು ಗೋಡೆಗೆ ಬಡಿದು ನಮ್ಮ ಕಾಲಬುಡಕ್ಕೇ ಬಿದ್ದವು,
ಕೆಲವು ಅವರ ಬೆರಳು ಸವರಿ ಹೊರಗೆ ಹೋದವು.
ಸರ್ ಹಲಗೆಯನ್ನು ತೊಡೆಯ ಮೇಲೆ ಮಗುಚಿಟ್ಟರು.
ಹತ್ತೊಂಬತ್ತು. ಮೂರನೆಯದರಲ್ಲಿ ಹದಿನೆಂಟು.
ಸೋತೆವು.

ಆನಂದಪುರದಲ್ಲಿ ಬಸ್ಸು ನಿಂತಾಗ
ಸರ್ ಚಹಾ ಲೋಟ ಹಿಡಿದು ನನ್ನ ಸೀಟಿನ ಹತ್ತಿರ ಬಂದರು.
“ತುಮರಿ, ಕೈ ತೋರ್ಸು.”
ಹೊಸ ಚೆಂಡಿನ ತರಿ ಮುಂಗೈ ತುಂಬ ಒತ್ತಿ
ಕೆಂಪು ಚುಕ್ಕೆ, ಚುಕ್ಕೆ.
ನೋಡಿದರು, ಲೆಕ್ಕ ಹಾಕುವವರ ಹಾಗೆ.
“ನಾಳೆ ಐದೂವರೆಗೆ ಬಾ.
ನಾನು ಸರ್ವ್ ಮಾಡ್ತೀನಿ. ಬೇರೆ ಯಾರೂ ಬೇಡ.”
ನಮ್ಮ ಚೆಂಡು ಆ ಥರ ತೇಲಲ್ಲ ಸರ್, ಅಂದೆ.
“ಹೊಸದು ತಗೋಬೇಕು,” ಅಂದರು,
ಜೇಬು ಮುಟ್ಟಿ ನೋಡಿಕೊಂಡು.